ಸ್ಟುಡಿಯೋ ಕಾಕ ಮತ್ತು ಹನ್ನೊಂದನೆಯ ಫೋಟೋ

ಯಾರ ಮಾತನ್ನಾದರೂ ಕೇಳುವಾಗ ಕಾಕನ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಐವತ್ತು ವರ್ಷ ಕ್ಯಾಮೆರಾದ ಕಿಂಡಿಗೆ ಬಲಗಣ್ಣನ್ನಿಟ್ಟು ನೋಡಿದವರು. ಗಮನ ಕೊಡುವುದೆಂದರೆ ಒಂದು ಕಣ್ಣು ಮುಚ್ಚುವುದು ಎಂದು ಮುಖ ಕಲಿತುಬಿಟ್ಟಿತ್ತು. ಎಡಗಣ್ಣಿನ ಸುತ್ತ ಸುಕ್ಕು ಜಾಸ್ತಿ, ಬಲಗಣ್ಣಿನ ಸುತ್ತ ಕಡಿಮೆ. ಹೊಸದಾಗಿ ಬಂದ ಗಿರಾಕಿಗಳು ಈ ಮುದುಕ ತಮಗೆ ಕಣ್ಣು ಹೊಡೆಯುತ್ತಿದ್ದಾನೆಯೇ ಎಂದು ಗಲಿಬಿಲಿಗೊಳ್ಳುತ್ತಿದ್ದರು.

ದುಬೈಯ ದೇರಾದ ಅಲ್ ಮುರಕ್ಕಬಾತ್‌ನಲ್ಲಿ, ದೊಡ್ಡ ರಸ್ತೆಯಿಂದ ಒಳಗೆ, ಒಂದು ಔಷಧಿ ಅಂಗಡಿಗೂ ದರ್ಜಿ ಅಂಗಡಿಗೂ ನಡುವೆ ಅವರ ಫೋಟೋ ಸ್ಟುಡಿಯೋ ಇತ್ತು. ನಮ್ಮ ಕಡೆಯವರೆಲ್ಲ ಅವರನ್ನು ಸ್ಟುಡಿಯೋ ಕಾಕ ಎನ್ನುತ್ತಿದ್ದರು. ಅವರೂ ನಾನೂ ದಕ್ಷಿಣ ಕನ್ನಡದ ಕಡಲ ಬದಿಯ ಒಂದೇ ಸಣ್ಣ ಊರಿನವರು. ಅವರು ಬ್ಯಾರಿ, ನಾನು ತುಳುವ. ವೀಸಾಕ್ಕೆ, ಪಾಸ್‌ಪೋರ್ಟಿಗೆ, ಎಮಿರೇಟ್ಸ್ ಐಡಿಗೆ ನಮ್ಮೂರಿನ ಮುಖಗಳೆಲ್ಲ ಒಂದಲ್ಲ ಒಂದು ದಿನ ಆ ಬಿಳಿ ಪರದೆಯ ಮುಂದೆ ಕೂತಿವೆ. ಗೋಡೆಯ ಮೊಳೆಗೆ ಎರಡು ಕೋಟು, ಮೂರು ಟೈ. ಕೋಟು ದೊಡ್ಡದಾದರೆ ಬೆನ್ನ ಹಿಂದೆ ಬಟ್ಟೆಯ ಕ್ಲಿಪ್ ಸಿಕ್ಕಿಸುತ್ತಿದ್ದರು. ಆಮೇಲೆ ಎರಡು ಬೆರಳಿನಿಂದ ಗಿರಾಕಿಯ ಗಲ್ಲವನ್ನು ಚೂರೇ ಎತ್ತಿ, ಹಿಂದೆ ಸರಿದು, ಉಸಿರು ಬಿಡಲು ಹೇಳಿ, ಉಸಿರು ಬಿಟ್ಟ ಮೇಲಿನ ಕ್ಷಣದಲ್ಲಿ ಕ್ಲಿಕ್ ಮಾಡುತ್ತಿದ್ದರು.

ಬಣ್ಣ ಬಿಳಿ ಮಾಡಿ, ಗಲ್ಲ ಸಣ್ಣ ಮಾಡಿ ಎಂದು ಕೇಳುವವರು ಬಹಳ. ಮೊಡವೆ ತೆಗೆದುಕೊಡುತ್ತಿದ್ದರು, ಅದು ನಾಳೆ ಹೇಗೂ ಹೋಗುವಂಥದು ಎನ್ನುವುದು ಅವರ ನ್ಯಾಯ. ಹುಟ್ಟುಮಚ್ಚೆ, ಗಾಯದ ಗುರುತು, ಮೂಗು ಇವುಗಳ ತಂಟೆಗೆ ಹೋಗುತ್ತಿರಲಿಲ್ಲ. ಹಟ ಹಿಡಿದವರಿಗೆ ಒಂದೇ ಉತ್ತರ: "ಏರ್‌ಪೋರ್ಟಿನಲ್ಲಿ ಅವರು ನಿನ್ನನ್ನು ಹುಡುಕುವುದು ಮಾರಾಯ, ನಿನಗಿಂತ ಚಂದದವನನ್ನು ಅಲ್ಲ."

ನಾನು ಮೊದಲು ಅವರ ಮುಂದೆ ಕೂತದ್ದು ದುಬೈಗೆ ಬಂದ ಹೊಸತರಲ್ಲಿ. ಊರು ಯಾವುದೆಂದು ಕೇಳಿದರು, ಹೇಳಿದೆ. ಯಾರ ಮಗನೆಂದು ಕೇಳಿದರು, ಅಪ್ಪನ ಹೆಸರು ಹೇಳಿದೆ. ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡ ಸಿಪಾಯಿ ಎಂದೆ. ಅಪ್ಪ ಹೋಗಿ ಮೂರು ತಿಂಗಳಿಗೆ ನಾನು ಹುಟ್ಟಿದ್ದು. ಅಪ್ಪನನ್ನು ಕಂಡವರು ಸಿಕ್ಕಿದರೆ ಸಾಕು, ಅವರು ಹೇಗಿದ್ದರು ಎಂದು ಕೇಳುವ ಚಾಳಿ ನನಗೆ ಆಗಲೇ ಇತ್ತು. ಜನ ದೊಡ್ಡ ದೊಡ್ಡ ಮಾತು ಹೇಳುತ್ತಿದ್ದರು: ಸಿಂಹದಂಥ ಮನುಷ್ಯ, ಎದೆ ಅಷ್ಟಗಲ. ಕಾಕ ಎಡಗಣ್ಣು ಮುಚ್ಚಿ ಯೋಚಿಸಿದರು. ಯುದ್ಧದ ಮರುವರ್ಷವಷ್ಟೇ ತಾನು ಊರಿನ ಸ್ಟುಡಿಯೋ ಸೇರಿದ್ದು, ಅದಕ್ಕೂ ಮುಂಚೆ ಅಪ್ಪ ರಜೆಯಲ್ಲಿ ಬಂದಾಗ ಪೇಟೆಯಲ್ಲಿ ಹೋಗುವುದನ್ನು ನೋಡಿದ್ದುಂಟು ಎಂದರು. "ನಡಿಗೆ ಸ್ವಲ್ಪ ನೆನಪುಂಟು, ಬೇಗ ಬೇಗ ನಡೀತಿದ್ದರು. ಮುಖ ನೆನಪಿಲ್ಲ. ಉಂಟು ಅಂತ ಸುಳ್ಳು ಹೇಳುವುದಿಲ್ಲ."

ಆ ದಿನ ನನಗೆ ಬೇಸರವಾಯಿತು. ಸಿಂಹ ಎಂದವರೆಲ್ಲರ ಮಾತು ಮರೆತುಹೋಗಿ, ಬೇಗ ಬೇಗ ನಡೆಯುತ್ತಿದ್ದರು ಎನ್ನುವುದೊಂದೇ ಉಳಿದದ್ದು ಎಷ್ಟೋ ವರ್ಷದ ಮೇಲೆ ತಿಳಿಯಿತು.

ನಾನು ಅಲ್ ಕೂಜ್‌ನಲ್ಲಿ ಏಸಿಯ ಗಾಳಿ ಹಾಯುವ ತಗಡಿನ ಡಕ್ಟ್ ಮಾಡುವ ವರ್ಕ್‌ಶಾಪಿನಲ್ಲಿ ಸ್ಟೋರ್ ಕೀಪರ್. ಹೆಂಡತಿ, ಮಗಳು ಹಲವು ವರ್ಷ ಇಲ್ಲಿ ಜತೆಗಿದ್ದರು. ಮಗಳ ಕಾಲೇಜಿಗೆಂದು ಅವರು ಮಂಗಳೂರಿಗೆ ಹೋದ ಮೇಲೆ ಫ್ಲ್ಯಾಟ್ ಬಿಟ್ಟು, ಐವತ್ತರ ವಯಸ್ಸಿನಲ್ಲಿ ಮತ್ತೆ ಮುರಕ್ಕಬಾತ್‌ನ ಒಂದು ಬೆಡ್‌ಸ್ಪೇಸಿಗೆ ಬಂದೆ. ಒಂದು ಕೋಣೆಯಲ್ಲಿ ಆರು ಮಂಚ, ಮಂಚಕ್ಕೊಂದು ಪರದೆ. ಮಿಕ್ಕ ಐವರೂ ಎಳೆಯರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಲಗುವವರು. ರಜಾದಿನ ಬಂದರೆ ಎಲ್ಲಿ ಹೋಗುವುದೆಂದು ತಿಳಿಯದೆ ಸ್ಟುಡಿಯೋದ ಬೆಂಚಿನ ಮೇಲೆ ಕೂರತೊಡಗಿದೆ.

ಕಾಕನಿಗೂ ಇಲ್ಲಿ ಯಾರೂ ಇರಲಿಲ್ಲ. ಅಂಗಡಿಯ ಹಿಂದಿನ ಅರೆಗೋಡೆಯ ಆಚೆ ಒಂದು ಮಂಚ, ಒಂದು ಸ್ಟವ್. ಮಧ್ಯಾಹ್ನದ ಬಿಡುವಿನ ನಂತರ ನಾಲ್ಕಕ್ಕೆ ಮತ್ತೆ ಬಾಗಿಲು ತೆಗೆಯುವ ಮುಂಚೆ ಖುಬ್ಬೂಸ್ ರೊಟ್ಟಿಯನ್ನು ಹರಿದು ದಾಲ್‌ನಲ್ಲಿ ಅದ್ದಿ ನಿಂತುಕೊಂಡೇ ತಿನ್ನುತ್ತಿದ್ದರು. ದಿನಕ್ಕೊಮ್ಮೆ ಊರಿನಲ್ಲಿದ್ದ ಹೆಂಡತಿಗೆ ಫೋನ್. ಎರಡು ನಿಮಿಷ, ಅವೇ ಮಾತು: ಮದ್ದು ತೆಗೆದುಕೊಂಡೆಯಾ, ಬಾವಿಯಲ್ಲಿ ನೀರು ಉಂಟಾ, ಸರಿ ಇಡ್ತೇನೆ. ಒಮ್ಮೆ ನಾನು, ಇನ್ನೂ ಸ್ವಲ್ಪ ಮಾತಾಡಬಹುದಲ್ಲ ಕಾಕ ಎಂದೆ. ಮಾತಾಡಬಹುದು, ಆದರೆ ಏನು ಮಾತಾಡುವುದೆಂದು ಇಬ್ಬರಿಗೂ ಗೊತ್ತಿಲ್ಲ ಎಂದರು. ದುಃಖದಿಂದ ಹೇಳಿದ್ದಲ್ಲ. ಹವೆಯ ವಿಷಯ ಹೇಳುವಂತೆ ಹೇಳಿದರು.

ಹೀಗಿರುವಾಗ ನಮ್ಮೂರಿನಲ್ಲಿ ಯೋಧರ ಸ್ಮಾರಕ ಕಟ್ಟುವುದೆಂದಾಯಿತು. ಹಳೆಯ ಬಸ್ ನಿಲ್ದಾಣದ ಎದುರು ಕಪ್ಪು ಕಲ್ಲಿನ ಒಂದು ಕಂಬ, ಅದರ ಹಿಂದೆ ಗೋಡೆ, ಗೋಡೆಯಲ್ಲಿ ಗಾಜಿನ ಒಳಗೆ ಯುದ್ಧಕ್ಕೆ ಹೋದ ಊರಿನ ಹನ್ನೊಂದು ಮಂದಿಯ ಫೋಟೋ. ಹಳೆಯ ಫೋಟೋಗಳನ್ನು ಸರಿಮಾಡುವ ಕೆಲಸ ಕಾಕನಿಗೆ ಬಂತು. ದುಬೈಗೆ ಬರುವವರ ಕೈಯಲ್ಲಿ ಒಂದೊಂದಾಗಿ ಬಂದವು. ಗೆದ್ದಲು ತಿಂದದ್ದು, ಮಡಚಿ ಬಿರುಕುಬಿಟ್ಟದ್ದು, ದೇವರ ದೀಪದ ಹೊಗೆಗೆ ಕಂದಿದ್ದು. ಅವರು ಒಂದೊಂದಕ್ಕೂ ವಾರಗಟ್ಟಲೆ ಕೂತರು. ಬಿರುಕು ಮುಚ್ಚಿದರು, ಕಲೆ ತೆಗೆದರು. ಹತ್ತು ಮಂದಿ ತಯಾರಾದರು.

ಹನ್ನೊಂದನೆಯವರು ನನ್ನ ಅಪ್ಪ.

ಅಮ್ಮನ ಪೆಟ್ಟಿಗೆಯಲ್ಲಿದ್ದ ಒಂದೇ ಫೋಟೋವನ್ನು ನಾನು ಲಕೋಟೆಯಲ್ಲಿಟ್ಟು ಇಷ್ಟು ವರ್ಷ ಜತೆಯಲ್ಲೇ ಇಟ್ಟುಕೊಂಡಿದ್ದೆ. ನಾನು ಕೂಸಾಗಿದ್ದಾಗ ಹೊಳೆಯ ನೀರು ಮನೆಯೊಳಗೆ ನುಗ್ಗಿ ಗೋಡೆಯ ಪಟ ಒದ್ದೆಯಾಗಿ ಚಿತ್ರ ಗಾಜಿಗೆ ಅಂಟಿಕೊಂಡಿತ್ತಂತೆ. ಅಮ್ಮ ಬಿಡಿಸಲು ಹೋದಾಗ ಮುಖ ಗಾಜಿನಲ್ಲೇ ಉಳಿದು ಕಲಸಿಹೋಯಿತು. ಉಳಿದದ್ದನ್ನು ಅಮ್ಮ ಒಣಗಿಸಿ ಇಟ್ಟಿದ್ದಳು: ಮಿಲಿಟರಿ ಅಂಗಿಯ ಕಾಲರು, ಭುಜ, ಎದೆಯ ಗುಂಡಿಗಳು, ಮೇಲೆ ಟೋಪಿಯ ಅಂಚು. ನಡುವೆ ಬಿಳಿ. ಸೈನ್ಯದ ದಾಖಲೆ ಕಚೇರಿಗೆ ನಾನು ಬರೆದ ಎರಡು ಪತ್ರಗಳಿಗೆ ಉತ್ತರ ಬಂದಿರಲಿಲ್ಲ. ಅಮ್ಮ ತೀರಿಕೊಂಡು ಹತ್ತು ವರ್ಷವಾಗಿತ್ತು. ನೋಡಿದವರೆಲ್ಲ ನೀನು ತಾಯಿಯ ಮುಖ ಎನ್ನುತ್ತಿದ್ದುದರಿಂದ ಕನ್ನಡಿಯಲ್ಲಿ ಹುಡುಕಿಯೂ ಫಲವಿರಲಿಲ್ಲ.

ಕಾಕ ಅದನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ಅಂಗಿ ಇದೆ, ಭುಜ ಇದೆ, ಈಗ ಕಂಪ್ಯೂಟರ್ ಎಲ್ಲ ಮಾಡುತ್ತದಂತೆ, ಒಂದು ಮುಖ ಕೂರಿಸಿಕೊಡಿ ಎಂದು ನಾನೇ ಕೇಳಿದೆ. ಊರಿನ ಸ್ಮಾರಕ ಸಮಿತಿಯವರೂ ಅದನ್ನೇ ಹೇಳಿದ್ದರು.

"ಯಾರ ಮುಖ ಕೂರಿಸಲಿ?" ಎಂದರು ಕಾಕ.

ಆಮೇಲೆ ಅವರೇ, "ಹುಡುಕುವಾ. ಸಿಕ್ಕದಿದ್ದರೆ ಹೆಸರು ಮಾತ್ರ ಇರಲಿ. ಇಲ್ಲದ ಮುಖ ನಾನು ಮಾಡಿಕೊಡುವುದಿಲ್ಲ" ಎಂದು ಫೋಟೋವನ್ನು ಲಕೋಟೆಗೆ ಹಾಕಿ ನನ್ನ ಕೈಗಿತ್ತರು.

ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಉದ್ಘಾಟನೆಗೆ ಎರಡು ವಾರವಿತ್ತು. ಹತ್ತು ಮುಖಗಳ ನಡುವೆ ಒಂದು ಖಾಲಿ ಚೌಕ, ಅದರ ಕೆಳಗೆ ನನ್ನ ಅಪ್ಪನ ಹೆಸರು. ಅದನ್ನು ನೆನೆದರೆ ನಿದ್ದೆ ಬರುತ್ತಿರಲಿಲ್ಲ. ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ ಮಾಡುವ ಸಹೋದ್ಯೋಗಿಯೊಬ್ಬನಿಗೆ ವಿಷಯ ಹೇಳಿದೆ. ಅವನು ಮುಖವಿಲ್ಲದ ಫೋಟೋವನ್ನೂ ನನ್ನ ಹಳೆಯ ಪಾಸ್‌ಪೋರ್ಟಿನ ಫೋಟೋವನ್ನೂ ಮೊಬೈಲಿನ ಯಾವುದೋ ಆ್ಯಪಿಗೆ ಹಾಕಿದ. ಚಹಾ ಆರುವಷ್ಟರಲ್ಲಿ ಒಬ್ಬ ಸಿಪಾಯಿ ತಯಾರು. ದಪ್ಪ ಮೀಸೆ, ಹೊಳೆಯುವ ಕಣ್ಣು, ಸಿಂಹದಂಥ ಮುಖ. ಖಲಾಸ್, ಇಷ್ಟೇ ಕೆಲಸ ಎಂದ ಅವನು. ನಾನು ಕಾಕನಿಗೆ ಹೇಳದೆ ಅದನ್ನು ನೇರ ಸಮಿತಿಗೆ ಕಳಿಸಿದೆ. ಫೋಟೋ ಎಲ್ಲಿ ಸಿಕ್ಕಿತು ಎಂದು ಅವರು ಕೇಳಿದಾಗ, ಸಂಬಂಧಿಕರ ಮನೆಯಲ್ಲಿ ಎಂದೆ.

ಉದ್ಘಾಟನೆಯ ದಿನ ಊಟದ ಬಿಡುವಿನಲ್ಲಿ ತಗಡಿನ ರಾಶಿಯ ಹಿಂದೆ ನಿಂತು ವಿಡಿಯೋ ಕಾಲ್‌ನಲ್ಲಿ ನೋಡಿದೆ. ಅತ್ತೆಯ ಮೊಮ್ಮಗಳು ಅಲ್ಲಿ ಫೋನ್ ಹಿಡಿದಿದ್ದಳು. ಅತ್ತೆ ಎಂದರೆ ಅಪ್ಪನ ತಂಗಿ. ಅಪ್ಪನ ಒಡಹುಟ್ಟಿದವರಲ್ಲಿ ಉಳಿದದ್ದು ಅವಳೊಬ್ಬಳೇ. ಬ್ಯಾಂಡು ಬಾರಿಸಿತು. ಮನೆಯವರನ್ನು ಒಬ್ಬೊಬ್ಬರನ್ನಾಗಿ ಕರೆದರು. ಅತ್ತೆ ಕೈಯಲ್ಲಿ ಮಲ್ಲಿಗೆ ಹಿಡಿದು ಗೋಡೆಯ ಬಳಿ ಹೋದಳು, ಮುಖವೆತ್ತಿ ನೋಡಿದಳು. ಪಕ್ಕದಲ್ಲಿದ್ದ ಸಮಿತಿಯವರ ಕಡೆ ತಿರುಗಿ ತುಳುವಿನಲ್ಲಿ ಕೇಳಿದಳು, "ಇಂಬೆ ಏರ್?" ಇವನು ಯಾರು?

ನಿಮ್ಮಣ್ಣ ಅಲ್ವಾ ಅಮ್ಮ, ಎಂದರು ಅವರು.

ಅತ್ತೆ ಅಲ್ಲ ಎಂದಳು. ಜಗಳದ ದನಿಯಲ್ಲಲ್ಲ. ಬೇರೆ ಮನೆಯ ಬಾಗಿಲು ತಟ್ಟಿದವರಿಗೆ ಹೇಳುವಂತೆ. ಆಮೇಲೆ ಬಗ್ಗಿ, ಕಲ್ಲಿನಲ್ಲಿ ಕೊರೆದ ಹೆಸರನ್ನು ಬೆರಳಿನಿಂದ ಹುಡುಕಿ, ಮಲ್ಲಿಗೆಯನ್ನು ಅದರ ಕೆಳಗಿಟ್ಟಳು. ನಾನು ಫೋನ್ ಆರಿಸಿದೆ. ಒಳಗೆ ತಗಡು ಕತ್ತರಿಸುವ ಯಂತ್ರ ಮತ್ತೆ ಶುರುವಾಗಿತ್ತು.

ಸಂಜೆ ಸ್ಟುಡಿಯೋಕ್ಕೆ ಹೋದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರಗಳನ್ನು ಕಾಕ ಆಗಲೇ ನೋಡಿದ್ದರು. ನಾನು ಎಲ್ಲವನ್ನೂ ಹೇಳಿ ತಲೆ ತಗ್ಗಿಸಿ ಕೂತೆ. ಬಯ್ದಿದ್ದರೆ ಹಗುರಾಗುತ್ತಿತ್ತು. ಅವರು ಬಯ್ಯಲಿಲ್ಲ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಒಂದು ಕಡತ ತೆರೆದರು. ಅದರ ತುಂಬ ಮದುವೆಯ ಫೋಟೋಗಳು. ಎಲ್ಲ ನಮ್ಮೂರಿನವು, ಎಲ್ಲ ಯುದ್ಧಕ್ಕಿಂತ ಹಿಂದಿನವು. ನಾಲ್ಕು ತಿಂಗಳಿನಿಂದ ಅಂಗಡಿಗೆ ಬಂದ ಊರಿನವರನ್ನೆಲ್ಲ ಕೇಳಿ, ಅವರವರ ಮನೆಯ ಹಳೆಯ ಆಲ್ಬಂಗಳನ್ನು ಮೊಬೈಲಿನಲ್ಲಿ ತರಿಸಿಕೊಂಡಿದ್ದರು. ಆಗಿನ ಕಾಲದಲ್ಲಿ ಬಡವರ ಮುಖ ಸಿಗುವುದು ಬೇರೆಯವರ ಮದುವೆಯ ಫೋಟೋದಲ್ಲೇ ಎನ್ನುವುದು ಅವರ ಲೆಕ್ಕ. ಮದುಮಕ್ಕಳನ್ನು ಬಿಟ್ಟು, ಅವರ ಹಿಂದೆ ನಿಂತವರನ್ನು, ಬಡಿಸುವವರನ್ನು, ಚಪ್ಪರದ ಕಂಬಕ್ಕೆ ಒರಗಿದವರನ್ನು ದೊಡ್ಡದು ಮಾಡಿ ನೋಡಿದ್ದರು. ತಾನು ಗುರುತು ಹಿಡಿಯಲಾರದ ಕಾರಣ ಒಂದೊಂದು ಮುಖವನ್ನೂ ಅತ್ತೆಯ ಮೊಮ್ಮಗಳ ಫೋನಿಗೆ ಕಳಿಸಿ ಅತ್ತೆಯನ್ನು ಕೇಳುತ್ತಿದ್ದರು. ಅತ್ತೆ ಪ್ರತಿಸಲವೂ ಅಲ್ಲ ಎನ್ನುತ್ತಿದ್ದಳು. ನನಗೆ ಯಾರೂ ಹೇಳಿರಲಿಲ್ಲ, ಸುಮ್ಮನೆ ಆಸೆ ಹುಟ್ಟಿಸುವುದು ಬೇಡವೆಂದು.

"ಇವತ್ತು ಅಲ್ಲಿ ಕೂತವನೂ ಯಾರೋ ಒಬ್ಬ. ಪಾಪ, ಅವನಿಗೂ ಊರು ಮನೆ ಇಲ್ಲ" ಎಂದಷ್ಟೇ ಹೇಳಿ ಕಾಕ ಚಹಾಕ್ಕೆ ನೀರಿಟ್ಟರು.

ಮುಂದಿನ ಎರಡು ತಿಂಗಳು ನಾನೂ ಅವರ ಪಕ್ಕ ಕೂತು ಹುಡುಕಿದೆ. ಆಗ ಅಬುಧಾಬಿಯಿಂದ ಒಂದು ಸುದ್ದಿ ಬಂತು. ನಮ್ಮೂರಿನ ಇಗರ್ಜಿಯ, ಅಂದರೆ ಚರ್ಚಿನ, ಹಿಂದಿನ ಮನೆಯ ಕ್ರಿಶ್ಚಿಯನ್ ಹೆಂಗಸೊಬ್ಬರು, ನಮ್ಮ ಬಾಯಲ್ಲಿ ಬಾಯಮ್ಮ, ಅಲ್ಲಿ ನರ್ಸ್ ಆಗಿದ್ದು, ನಿವೃತ್ತಿಯಾದ ಮೇಲೆ ಮಗನ ಜತೆ ಇದ್ದರು. ಅವರ ಅಕ್ಕನ ಮದುವೆಯ ಆಲ್ಬಂ ಅವರ ಹತ್ತಿರವೇ ಇತ್ತು. ಕಳಿಸಿದ ಮೊಬೈಲ್ ಚಿತ್ರದಲ್ಲಿ ಎಲ್ಲ ಮಸುಕು. ಕಾಕ ತಾವೇ ಹೋಗುವುದೆಂದರು. ದೇರಾ ಬಿಟ್ಟು ಕದಲದ ಮನುಷ್ಯ ಆ ಭಾನುವಾರ ಅಂಗಡಿ ಮುಚ್ಚಿ, ಕ್ಯಾಮೆರಾದ ಚೀಲ ಹೆಗಲಿಗೇರಿಸಿ, ಅಲ್ ಗುಬೈಬಾದಿಂದ ನನ್ನ ಜತೆ ಬಸ್ ಹತ್ತಿದರು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಮೂವತ್ತೈದು ವರ್ಷ ಈ ದೇಶದಲ್ಲಿದ್ದೂ ಅಬುಧಾಬಿಗೆ ಇದು ಮೂರನೆಯ ಸಲ ಎಂದರು.

ಬಾಯಮ್ಮ ಆಲ್ಬಂ ತಂದು ಮೇಜಿನ ಮೇಲಿಟ್ಟರು. ಕಪ್ಪು ಕಾಗದದ ಪುಟಗಳು, ನಡುವೆ ಬಟರ್ ಪೇಪರ್. ಐದನೆಯ ಪುಟದಲ್ಲಿ ಅಂಗಳದ ಫೋಟೋ. ಮದುಮಕ್ಕಳು, ಪಾದ್ರಿಗಳು, ವಾಲಗದವರು. ಅವರ ಹಿಂದೆ ಚಪ್ಪರದ ಬದಿಯಲ್ಲಿ ಇಬ್ಬರು ಒಂದು ಉದ್ದದ ಬೆಂಚನ್ನು ಹೆಗಲ ಮೇಲೆ ಹೊತ್ತು ಹೋಗುತ್ತಿದ್ದರು. ಮುಂದಿನವನ ಬೆನ್ನು ಮಾತ್ರ ಕಾಣುತ್ತಿತ್ತು. ಹಿಂದಿನವನು ಕ್ಯಾಮೆರಾದ ಕಡೆ ತಿರುಗಿದ್ದ.

"ರಜೆಯಲ್ಲಿ ಬಂದ ಮಿಲಿಟ್ರಿಯವರು ಒಬ್ಬರು ಬೆಳಗ್ಗಿನಿಂದ ನಮ್ಮಲ್ಲೇ ದುಡಿದದ್ದು ನನಗೆ ನೆನಪುಂಟು" ಎಂದರು ಬಾಯಮ್ಮ. "ಅವರೇ ಇವರು ಅಂತ ಹೇಳಲಿಕ್ಕೆ ನಂಗೆ ಧೈರ್ಯ ಇಲ್ಲ."

ಕಾಕ ಆಲ್ಬಮ್ಮನ್ನು ಕಿಟಕಿಯ ಬೆಳಕಿಗೆ ತಂದು, ನಾಲ್ಕು ಪುಸ್ತಕಗಳ ನಡುವೆ ನಿಲ್ಲಿಸಿ, ಅರ್ಧ ಗಂಟೆ ಒಂದೇ ಚಿತ್ರವನ್ನು ತೆಗೆದರು. ಆ ಹಿಂದಿನವನನ್ನಷ್ಟೇ ಎದೆಯವರೆಗೆ ಕತ್ತರಿಸಿ ಫೋನಿನಲ್ಲಿ ಊರಿಗೆ ಕಳಿಸಿದರು. ಬಾಯಮ್ಮ ಕೊಟ್ಟ ಚಹಾ ಆರುತ್ತಿತ್ತು. ಅತ್ತೆಯ ಫೋನ್ ಬಂದಾಗ ಕಾಕ ಅದನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು.

"ಅಣ್ಣನೇ" ಎಂದಳು ಅತ್ತೆ. "ಆ ಅಂಗಿ ನಾನು ಒಗೆದದ್ದು."

ಕಾಕ ಎದ್ದು ಬಾಲ್ಕನಿಗೆ ಹೋದರು. ನಾನು ಕ್ಯಾಮೆರಾದ ಪರದೆಯಲ್ಲಿ ಅಪ್ಪನನ್ನು ನೋಡಿದೆ. ದೊಡ್ಡ ಕಿವಿ. ಮೀಸೆ ಇಲ್ಲ. ಭಾರಕ್ಕೆ ಕತ್ತು ಸೊಟ್ಟ, ಬೆಂಚಿನ ನೆರಳು ಹಣೆಯ ಮೇಲೆ, ಯಾರೋ ಏನೋ ತಮಾಷೆ ಹೇಳಿದ್ದಕ್ಕೆ ಬಾಯಿ ಅರ್ಧ ತೆರೆದು ನಗು. ನನ್ನ ಹಾಗೆ ಎಲ್ಲೂ ಇರಲಿಲ್ಲ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ನನ್ನ ಮಗಳ ಕ್ಲಾಸಿನವರ ಹಾಗೆ ಇದ್ದ. ಅಪ್ಪ ಎಂದು ಕರೆಯಲು ನಾಲಿಗೆ ಏಳಲಿಲ್ಲ. ಅವನ ಹೆಗಲ ಭಾರ ಇಳಿಸಿಕೊಳ್ಳಬೇಕು ಎನಿಸಿತು.

ಮೂರು ವಾರ ಕಾಕ ಆ ಚಿತ್ರದ ಮುಂದೆ ಕೂತರು. ಬೂಷ್ಟಿನ ಚುಕ್ಕೆಗಳನ್ನು ಒಂದೊಂದಾಗಿ ತೆಗೆದರು. ಹಣೆಯ ನೆರಳನ್ನು ಹಾಗೇ ಬಿಟ್ಟರು. ಸಮಿತಿಯವರು ತಪ್ಪೊಪ್ಪಿಕೊಂಡ ನನ್ನನ್ನು ಕ್ಷಮಿಸಿದರು, ಫೋಟೋ ಬದಲಿಸಲೂ ಒಪ್ಪಿದರು. ಆದರೆ ಬೆಂಚು ತೆಗೆದು ಮಿಲಿಟರಿ ಅಂಗಿ ಹಾಕಿಸಬೇಕು, ಉಳಿದವರೆಲ್ಲ ಯೂನಿಫಾರ್ಮಿನಲ್ಲಿದ್ದಾರೆ ಎಂದು ಕೇಳಿದರು. ಕಾಕ ಅವರಿಗೆ ಫೋನಿನಲ್ಲಿ ಹೇಳಿದ್ದನ್ನು ನಾನು ಪಕ್ಕದಲ್ಲಿದ್ದು ಕೇಳಿದೆ: "ತಂಗಿ ಒಗೆದುಕೊಟ್ಟ ಅಂಗಿ ಅದು. ಅದನ್ನು ಬಿಚ್ಚಿಸಲಿಕ್ಕೆ ನಾನು ಯಾರು?" ಮತ್ತೆ ಯಾರೂ ಕೇಳಲಿಲ್ಲ.

ಫ್ರೇಮು ಹಾಕಿಸಿ, ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟರು. ನಾನೇ ಊರಿಗೆ ಒಯ್ಯಬೇಕೆಂದಿದ್ದೆ. ರಜೆಗೆ ಇನ್ನೂ ಐದು ತಿಂಗಳಿತ್ತು. ಹಾಗಿದ್ದರೆ ನಾನೂ ಬರ್ತೇನೆ, ಒಟ್ಟಿಗೆ ಹೋಗುವಾ ಎಂದರು ಕಾಕ.

ಅವರು ಬರಲಿಲ್ಲ. ಹನ್ನೆರಡು ದಿನದ ಮೇಲೆ ಒಂದು ಬೆಳಗ್ಗೆ ಅಂಗಡಿಯ ಷಟರ್ ಎತ್ತುವಾಗ ಎದೆ ಹಿಡಿದುಕೊಂಡು ಕೂತರಂತೆ. ಪಕ್ಕದ ಔಷಧಿ ಅಂಗಡಿಯವರು ಆಂಬುಲೆನ್ಸ್ ಕರೆದರು. ನನಗೆ ತಿಳಿದು ಅಲ್ ಕೂಜ್‌ನಿಂದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮನೆಯವರ ಒಪ್ಪಿಗೆ ಪಡೆದು ಇಲ್ಲಿಯೇ ದಫನ ಮಾಡಿದರು. ನಮ್ಮೂರಿನವರು, ಪಕ್ಕದ ಅಂಗಡಿಯ ಪಾಕಿಸ್ತಾನಿ ದರ್ಜಿ, ಅವರಲ್ಲಿ ಫೋಟೋ ತೆಗೆಸಿಕೊಂಡ ಹಲವರು ಬಂದಿದ್ದರು. ನಾನು ಹಿಂದೆ ನಿಂತು, ನನ್ನ ಸರದಿ ಬಂದಾಗ ಮೂರು ಹಿಡಿ ಮಣ್ಣು ಹಾಕಿದೆ. ಒಣ ಮಣ್ಣು, ಬೆರಳಿಗೆ ಅಂಟಲಿಲ್ಲ.

ಐದು ತಿಂಗಳು ಆ ಫ್ರೇಮು ನನ್ನ ಮಂಚದ ತಲೆದೆಸೆಯಲ್ಲಿತ್ತು. ರಜಾದಿನ ಪರದೆ ಎಳೆದುಕೊಂಡು ಬಟ್ಟೆ ಬಿಚ್ಚಿ ನೋಡುತ್ತಿದ್ದೆ, ಮತ್ತೆ ಸುತ್ತಿಡುತ್ತಿದ್ದೆ. ಕೂರಲು ಬೇರೆ ಜಾಗವಿರಲಿಲ್ಲ. ಸ್ಟುಡಿಯೋ ಇದ್ದಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿ ಬಂದಿತ್ತು.

ಊರಿಗೆ ಹೋದ ಮರುದಿನವೇ ಸಮಿತಿಯವರು ಗಾಜು ತೆಗೆಸಿ ಫೋಟೋ ಬದಲಿಸಿದರು. ಬ್ಯಾಂಡು, ಭಾಷಣ ಇರಲಿಲ್ಲ. ಹತ್ತು ಮಂದಿ ಯೂನಿಫಾರ್ಮಿನಲ್ಲಿ ನೇರ ನೋಡುತ್ತಿದ್ದರು. ಒಬ್ಬ ಬಿಳಿ ಅಂಗಿಯಲ್ಲಿ ಬೆಂಚು ಹೊತ್ತು ನಗುತ್ತಿದ್ದ. ಅತ್ತೆ ಗಾಜಿನ ಮೇಲೆ ಅಂಗೈಯಿಟ್ಟು ನಿಂತಳು. ಬಸ್ಸುಗಳು ಬಂದುಹೋದವು.

ಅಲ್ಲಿಂದ ನಾನು ಕಾಕನ ಮನೆಗೆ ಹೋದೆ. ಗಂಡ ತೀರಿದ ಮೇಲೆ ಪಾಲಿಸುವ ಇದ್ದತ್‌ನ ದಿನಗಳು ಮುಗಿದಿದ್ದವು. ಅವರ ಹೆಂಡತಿ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಳ್ಳುತ್ತ ಎದುರು ಕೂತರು. ಬಾಗಿಲ ಬಳಿ ಮಗಳು. ನಾನು ಕಾಕ ಮಾಡಿದ ಉಪಕಾರವನ್ನು ಹೇಳತೊಡಗಿದೆ, ಫೋನಿನಲ್ಲಿ ಅಪ್ಪನ ಚಿತ್ರ ತೋರಿಸಿದೆ. ಅವರು ನೋಡಿ ತಲೆಯಾಡಿಸಿದರು. ಅವರ ಮನಸ್ಸು ಅದರಲ್ಲಿರಲಿಲ್ಲ. ಕೇಳಬಹುದೋ ಬಾರದೋ ಎಂಬಂತೆ ಕೇಳಿದರು.

"ಅಲ್ಲಿ ಮಧ್ಯಾಹ್ನ ಅವರು ಎಂತ ತಿಂತಿದ್ದರು?"

ಹೇಳಿದೆ. ಖುಬ್ಬೂಸು, ದಾಲ್, ನಿಂತುಕೊಂಡು.

"ನಿಂತುಕೊಂಡಾ?" ಎಂದು ಅವರು ಮಗಳ ಕಡೆ ನೋಡಿದರು. ಮತ್ತೆ ನನ್ನ ಕಡೆ ತಿರುಗಿ, "ಎರಡು ವರ್ಷಕ್ಕೊಮ್ಮೆ ಬರ್ತಿದ್ದರು. ಬಂದರೆ ನೆಂಟರು, ಅವರು ಇವರು. ಇಬ್ಬರೂ ಕೂತು ಮಾತಾಡಿದ್ದು ಕಡಿಮೆ. ಅವರು ಹೇಗಿದ್ದರು ಅಂತ ಯಾರಾದರೂ ಕೇಳಿದರೆ ಹೇಳಲಿಕ್ಕೆ ನನ್ನ ಹತ್ತಿರ ಜಾಸ್ತಿ ಏನೂ ಇಲ್ಲ" ಎಂದರು. ಆಮೇಲೆ, ಅವರಿಗೆ ಅಲ್ಲಿ ಗೆಳೆಯರಿದ್ದರಾ, ನಗುತ್ತಿದ್ದರಾ, ಕೋಪ ಬರುತ್ತಿತ್ತಾ ಎಂದು ಒಂದೊಂದಾಗಿ ಕೇಳಿದರು.

ನಾನು ಫೋನನ್ನು ಕಿಸೆಯಲ್ಲಿಟ್ಟೆ. ಮುಚ್ಚುತ್ತಿದ್ದ ಎಡಗಣ್ಣಿನಿಂದ ಶುರುಮಾಡಿದೆ. ಕಂಡದ್ದನ್ನು ಮಾತ್ರ ಹೇಳಿದೆ. ತಿಳಿಯದ್ದನ್ನು ಕೇಳಿದಾಗ ಗೊತ್ತಿಲ್ಲ ಎಂದೆ. ಚಹಾ ಬಂತು, ಮತ್ತೊಮ್ಮೆ ಬಂತು. ಮಗಳೂ ಬಾಗಿಲು ಬಿಟ್ಟು ಬಂದು ತಾಯಿಯ ಪಕ್ಕ ಚಾಪೆಯ ಮೇಲೆ ಕೂತಳು. ಮಸೀದಿಯಲ್ಲಿ ಸಂಜೆಯ ಮಗ್ರಿಬ್ ನಮಾಜಿನ ಬಾಂಗ್ ಕೂಗಿದಾಗ ನಾನು ಹೊರಡಲೆಂದು ಎದ್ದೆ.

ಅವರು ಗೋಡೆ ಹಿಡಿದು ಏಳುತ್ತ, "ಹೋಗಬೇಡಿ. ನಮಾಜು ಮುಗಿಸಿ ಬರ್ತೇನೆ. ಇನ್ನೂ ಕೇಳಲಿಕ್ಕೆ ಉಂಟು" ಎಂದರು.

ನಾನು ಮತ್ತೆ ಕೂತೆ.